ಪ್ರತಿದೀಪ್ತಿ ಬಣ್ಣಗಳು: ಐತಿಹ್ಯ, ವಿಜ್ಞಾನ ಮತ್ತು ಜಾತ್ರೆ

ಬಣ್ಣವನ್ನು ಕುರಿತ ನಮ್ಮ ಜಾನಪದ ಅಧ್ಯಯನಗಳು ಬಹುಮಟ್ಟಿಗೆ ಅರಿಸಿನ, ಕುಂಕುಮ, ನೀಲಿ, ಕಾಡಿಗೆಗಳಂತಹ ಪಾರಂಪರಿಕ ದ್ರವ್ಯಗಳಲ್ಲಿಯೇ ನಿಂತಿವೆ. ಕಳೆದ ಒಂದೂವರೆ ಶತಮಾನದಲ್ಲಿ ಪ್ರಯೋಗಾಲಯದಿಂದ ಹೊರಟು ಗಿರಣಿ, ಆಸ್ಪತ್ರೆ, ನದಿಗಳನ್ನು ಹಾದು ಜಾತ್ರೆಯ ಅಂಗಡಿಯವರೆಗೆ ಬಂದಿರುವ ಸಂಶ್ಲೇಷಿತ ಪ್ರತಿದೀಪ್ತಿ ಬಣ್ಣಗಳು ಈ ಕ್ಷೇತ್ರದ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಅವುಗಳ ಸ್ವರೂಪ ಮತ್ತು ಉಪಯೋಗಗಳನ್ನು ಸಂಕ್ಷೇಪವಾಗಿ ವಿವರಿಸಿ, ಜಾನಪದ ಸಂಶೋಧಕನಿಗೆ ಅವು ಏಕೆ ಮುಖ್ಯವೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರತಿದೀಪ್ತಿಯ ಮೊದಲ ಅರಿವು ಜನಪದರದೇ. ಮೆಕ್ಸಿಕೋದ ಮೂಲನಿವಾಸಿಗಳು ಮೂತ್ರರೋಗಕ್ಕೆ ಒಂದು ಮರದ ಚಕ್ಕೆಯನ್ನು ನೆನೆಸಿದ ನೀರನ್ನು ಕುಡಿಯುತ್ತಿದ್ದರು. ಆ ನೀರು ನೀಲಿಯಾಗಿ ಹೊಳೆಯುವುದನ್ನು ಸ್ಪೇನಿನ ವೈದ್ಯ ನಿಕೊಲಾಸ್ ಮೊನಾರ್ಡೆಸ್ 1565ರಲ್ಲಿ ದಾಖಲಿಸಿದನು. ಸಕ್ಕರೆ ಕಾಯಿಲೆಗೆಂದು ನಮ್ಮಲ್ಲಿ ಬಳಕೆಯಲ್ಲಿರುವ ಹೊನ್ನೆಮರದ ಲೋಟದ ನೀರಿನಲ್ಲಿಯೂ ಇಂತಹುದೇ ನೀಲಿ ಛಾಯೆ ಕಾಣುತ್ತದೆ. ಈ ವಿದ್ಯಮಾನಕ್ಕೆ ವೈಜ್ಞಾನಿಕ ಹೆಸರನ್ನೂ ವಿವರಣೆಯನ್ನೂ ಕೊಟ್ಟವನು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್, ವರ್ಷ 1852. ಕೆಲವು ವಸ್ತುಗಳ ಅಣುಗಳು ಕಡಿಮೆ ತರಂಗಾಂತರದ ಬೆಳಕನ್ನು ಹೀರಿ, ಅದರ ಒಂದಂಶವನ್ನು ಶಾಖವಾಗಿ ಕಳೆದುಕೊಂಡು, ಉಳಿದುದನ್ನು ಹೆಚ್ಚಿನ ತರಂಗಾಂತರದ ಬೆಳಕಾಗಿ ಹೊರಸೂಸುತ್ತವೆ. ಸಾಮಾನ್ಯ ಬಣ್ಣವು ತನ್ನ ಮೇಲೆ ಬಿದ್ದ ಬೆಳಕಿನ ಒಂದು ಭಾಗವನ್ನು ಮಾತ್ರ ಹಿಂದಿರುಗಿಸುತ್ತದೆ. ಪ್ರತಿದೀಪ್ತಿ ಬಣ್ಣವು ಅದರ ಜೊತೆಗೆ ಬೇರೊಂದು ಬಣ್ಣದ ಬೆಳಕನ್ನೂ ಸೇರಿಸುತ್ತದೆ. ಕಣ್ಣಿಗೆ ಅದು ಉರಿಯುವಂತೆ ಕಾಣುವುದಕ್ಕೆ ಇದೇ ಕಾರಣ.

1871ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬಯರ್ ರಿಸಾರ್ಸಿನಾಲ್ ಮತ್ತು ಥಾಲಿಕ್ ಅನ್‌ಹೈಡ್ರೈಡ್‌ಗಳಿಂದ ಫ್ಲೋರೆಸೀನ್ ಎಂಬ ಬಣ್ಣವನ್ನು ತಯಾರಿಸಿದನು. ಅದು ನೀಲಿ ಬೆಳಕನ್ನು ಹೀರಿ ಹಸುರನ್ನು ಸೂಸುತ್ತದೆ. ಅದೇ ದಶಕದಲ್ಲಿ ಇಯೋಸಿನ್, 1887ರಲ್ಲಿ ರೋಡಮೈನ್ ಬಂದವು. ಬಟ್ಟೆಗೆ ಬಣ್ಣವಾಗಿ ಫ್ಲೋರೆಸೀನ್ ನಿಲ್ಲಲಿಲ್ಲವಾದರೂ ಅದರ ಮತ್ತೊಂದು ಗುಣ ಬೇಗನೆ ಗೋಚರವಾಯಿತು: ನೂರು ಕೋಟಿ ಪಾಲು ನೀರಿನಲ್ಲಿ ಒಂದು ಪಾಲು ಬೆರೆತಿದ್ದರೂ ಇಂದಿನ ಉಪಕರಣಗಳು ಅದನ್ನು ಗುರುತಿಸಬಲ್ಲವು.

ಈ ಗುಣದ ಪ್ರಸಿದ್ಧ ನಿದರ್ಶನ ಡ್ಯಾನ್ಯೂಬ್ ನದಿಯದು. ದಕ್ಷಿಣ ಜರ್ಮನಿಯ ಇಮೆಂಡಿಂಗೆನ್ ಬಳಿ ಸುಣ್ಣಕಲ್ಲಿನ ನೆಲದ ಬಿರುಕುಗಳಲ್ಲಿ ಡ್ಯಾನ್ಯೂಬಿನ ನೀರು ಇಂಗಿಹೋಗುತ್ತದೆ. ಬೇಸಗೆಯಲ್ಲಿ ಪಾತ್ರವೇ ಬರಿದಾಗುವುದುಂಟು. ಸುಮಾರು 12 ಕಿ.ಮೀ. ದೂರದಲ್ಲಿ ಆಖ್ ಎಂಬ ಹೊಳೆಯ ದೊಡ್ಡ ಬುಗ್ಗೆಯಿದೆ. ಅಲ್ಲಿ ಮೇಲೇಳುವುದು ಡ್ಯಾನ್ಯೂಬಿನ ನೀರೇ ಎಂಬುದನ್ನು ಪರೀಕ್ಷಿಸಲು 1877ರಲ್ಲಿ ಭೂವಿಜ್ಞಾನಿ ಅಡಾಲ್ಫ್ ಕ್ನೋಪ್ 10 ಕಿಲೋ ಫ್ಲೋರೆಸೀನ್ ಲವಣವನ್ನು ಇಂಗುಕಂಡಿಗೆ ಹಾಕಿಸಿದನು. ಸುಮಾರು 60 ಗಂಟೆಗಳ ಅನಂತರ ಬುಗ್ಗೆಯ ನೀರು ಹೊಳೆಯುವ ಹಸುರು ಬಣ್ಣ ತಾಳಿತು. ಕಪ್ಪುಸಮುದ್ರಕ್ಕೆ ಹೋಗಬೇಕಾದ ನದಿಯ ನೀರು ಆಖ್ ಹೊಳೆಯ ಮೂಲಕ ರೈನ್ ನದಿಯನ್ನು ಸೇರಿ ಉತ್ತರ ಸಮುದ್ರದ ಪಾಲಾಗುತ್ತಿದ್ದುದು ಹೀಗೆ ಸಿದ್ಧವಾಯಿತು. ಈ ನೀರಿನ ವಿವಾದ ಕೊನೆಗೆ ಜರ್ಮನಿಯ ರಾಜ್ಯ ನ್ಯಾಯಾಲಯವನ್ನು ಮುಟ್ಟಿತು. ನಿಸರ್ಗಸಹಜ ಹರಿವನ್ನು ಕೃತಕವಾಗಿ ಬದಲಿಸಿ ನೆರೆಯ ರಾಜ್ಯಕ್ಕೆ ಹಾನಿ ಮಾಡಬಾರದೆಂಬ 1927ರ ಅದರ ನಿರ್ಣಯವು ಜಲನ್ಯಾಯದ ಚರ್ಚೆಗಳಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ.

ಕಾಶಿಯ ಗಂಗೆಯಲ್ಲಿ ಕಳೆದುಹೋದ ಕೋಲು ಊರಿನ ಕೊಳದಲ್ಲಿ ತೇಲಿತೆಂಬ ಐತಿಹ್ಯವನ್ನು ಕರ್ನಾಟಕದಲ್ಲಿ ಕ್ಷೇತ್ರಕಾರ್ಯ ಮಾಡಿದವರೆಲ್ಲ ಕೇಳಿರುತ್ತಾರೆ. ಕ್ನೋಪನ ಪ್ರಯೋಗದ ತರ್ಕವೂ ಇದೇ: ಅಲ್ಲಿ ಬಿಟ್ಟುದು ಇಲ್ಲಿ ಏಳಬೇಕು. ವ್ಯತ್ಯಾಸವಿರುವುದು ಸಾಕ್ಷ್ಯದಲ್ಲಿ. ಐತಿಹ್ಯದ ಕೋಲು ಕಥೆಯಲ್ಲಿ ಒಮ್ಮೆ ಮಾತ್ರ ತೇಲುತ್ತದೆ. ಬಣ್ಣದ ಪ್ರಯೋಗವನ್ನು ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದು. ಹಾಗೆಂದು ಐತಿಹ್ಯವನ್ನು ಕೇವಲ ಮೂಢನಂಬಿಕೆಯೆಂದು ತಳ್ಳಿಹಾಕುವುದು ಉಚಿತವಲ್ಲ. ನೆಲದಡಿಯ ನೀರಿಗೂ ದಾರಿಯಿದೆಯೆಂಬ ಊಹೆ ಅದರಲ್ಲಿ ಅಡಗಿದೆ.

ಇತರ ಉಪಯೋಗಗಳು ಹಲವು. 1961ರಿಂದ ನೇತ್ರವೈದ್ಯರು ಫ್ಲೋರೆಸೀನನ್ನು ರಕ್ತನಾಳಕ್ಕೆ ನೀಡಿ ಅಕ್ಷಿಪಟಲದ ಚಿತ್ರ ತೆಗೆಯುತ್ತಿದ್ದಾರೆ. ಲೋಹದ ಬಿಡಿಭಾಗಗಳ ಬಿರುಕುಗಳನ್ನು ಕಾಣಲು ಕಾರ್ಖಾನೆಗಳು ಇಂತಹ ಬಣ್ಣಗಳನ್ನು ಬಳಸುತ್ತವೆ. ಸಂಶೋಧಕರಿಗೂ ಗ್ರಂಥಾಲಯಗಳಿಗೂ ಹೆಚ್ಚು ಸಂಬಂಧಿಸಿದವು ಬಿಳುಪುಕಾರಕಗಳು. 1929ರಲ್ಲಿ ಪಾಲ್ ಕ್ರೈಸ್ ಕುದುರೆ ಚೆಸ್ಟ್‌ನಟ್ ತೊಗಟೆಯ ಸಾರದಿಂದ ಬಟ್ಟೆಯ ಬಿಳುಪು ಹೆಚ್ಚುವುದನ್ನು ತೋರಿಸಿದನು. ಅನಂತರ ಬಂದ ಸಂಶ್ಲೇಷಿತ ಬಿಳುಪುಕಾರಕಗಳು ಸುಮಾರು 1950ರಿಂದ ಕಾಗದದಲ್ಲಿಯೂ ಬಟ್ಟೆ ಒಗೆಯುವ ಪುಡಿಯಲ್ಲಿಯೂ ವ್ಯಾಪಕವಾದವು. ನೇರಳಾತೀತ ದೀಪದಡಿ ಅವು ನೀಲಿಯಾಗಿ ಹೊಳೆಯುತ್ತವೆ. ಹತ್ತೊಂಬತ್ತನೆಯ ಶತಮಾನದ್ದೆಂದು ಹೇಳಲಾಗುವ ಹಾಳೆಯ ನಾರೇ ಹಾಗೆ ಹೊಳೆದರೆ ಸಂಶಯಪಡುವುದು ಅಗತ್ಯ. ಆದರೆ ಹೊಳೆಯದಿರುವುದು ಪ್ರಾಚೀನತೆಗೆ ಪ್ರಮಾಣವಲ್ಲ. ಹಳೆಯ ಸೀರೆಯನ್ನು ಇಂದಿನ ಸೋಪಿನ ಪುಡಿಯಲ್ಲಿ ಒಗೆದಿದ್ದರೆ ಅದೂ ಹೊಳೆಯಬಹುದು. ವಸ್ತುವಿನ ಬಳಕೆಯ ಚರಿತ್ರೆಯನ್ನು ಮನೆಯವರಿಂದ ಕೇಳಿ ತಿಳಿಯದೆ ದೀಪದ ಸಾಕ್ಷ್ಯವೊಂದನ್ನೇ ನಂಬಲಾಗದು.

ಈ ಬಣ್ಣಗಳ ಕುಟುಂಬಕ್ಕೆ ಇನ್ನೊಂದು ಮುಖವೂ ಇದೆ. ಜಾತ್ರೆಗೆ ಹೋದ ಮಕ್ಕಳಿಗೆ ಬೊಂಬಾಯಿ ಮಿಠಾಯಿಯ ಕೆಂಗುಲಾಬಿ ಬಣ್ಣವೇ ಆಕರ್ಷಣೆ. ಬಟ್ಟೆ ಮತ್ತು ಕಾಗದಗಳಿಗೆ ಬಳಸುವ, ಆಹಾರದಲ್ಲಿ ಅನುಮತಿಯಿಲ್ಲದ ರೋಡಮೈನ್-ಬಿ ಅದರಲ್ಲಿ ಪತ್ತೆಯಾದುದರಿಂದ, 2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಕೃತಕ ಬಣ್ಣ ಬೆರೆಸಿದ ಈ ಮಿಠಾಯಿಯನ್ನು ನಿಷೇಧಿಸಿತು. ಬಣ್ಣವಿಲ್ಲದ ಬಿಳಿ ಮಿಠಾಯಿಗೆ ಅಡ್ಡಿಯಿಲ್ಲ. ನಿಷೇಧ ಸರಿಯಾದುದೇ. ಆದರೆ ಅದರ ಭಾರ ಮೊದಲು ಬೀಳುವುದು ಕೋಲಿಗೆ ಮಿಠಾಯಿ ಕಟ್ಟಿ ಜಾತ್ರೆಯಿಂದ ಜಾತ್ರೆಗೆ ನಡೆಯುವ ಬಡ ವ್ಯಾಪಾರಿಯ ಮೇಲೆ. ಪೊಟ್ಟಣದ ಪುಡಿ ಏನೆಂಬುದನ್ನು ಅವನಿಗೆ ಅವನ ಭಾಷೆಯಲ್ಲಿ ತಿಳಿಸುವ ಹೊಣೆ ಮಾರಿದವನ ಮೇಲೂ ಆಡಳಿತದ ಮೇಲೂ ಇದೆ.

ಒಟ್ಟಿನಲ್ಲಿ, ಒಂದೇ ಕುಟುಂಬದ ಬಣ್ಣಗಳು ನದಿಯ ಗುಟ್ಟನ್ನು ಬಯಲು ಮಾಡಿವೆ, ಕಣ್ಣಿನ ರೋಗವನ್ನು ತೋರಿಸಿವೆ, ಮಗುವಿನ ನಾಲಗೆಯನ್ನೂ ಸೇರಿವೆ. ಜಾತ್ರೆಗಳ ಭೌತಿಕ ಸಂಸ್ಕೃತಿಯನ್ನು ದಾಖಲಿಸುವವರು ಇನ್ನು ಮುಂದೆ ಬಣ್ಣದ ಹೆಸರಿನೊಡನೆ ಅದರ ದ್ರವ್ಯವನ್ನೂ, ಅದು ಬಂದ ದಾರಿಯನ್ನೂ ಬರೆದಿಡುವುದು ಅವಶ್ಯ.