ಹಳೆಯ ಕೋವಿಯ ಹೊಸ ಪ್ರತಿರೂಪ

ಪುರಾತನ ವಸ್ತುಗಳಲ್ಲಿ ಜನರ ಆದರವು ಹೆಚ್ಚಿದಂತೆಲ್ಲ ಅವುಗಳ ಪ್ರತಿರೂಪಗಳಿಗೂ ಗಿರಾಕಿ ಹೆಚ್ಚುವುದು ಲೋಕರೂಢಿ. ತಂಜಾವೂರಿನ ಪಟ, ಹಿತ್ತಾಳೆಯ ದೀಪ, ಗೋಡೆಯ ಗಡಿಯಾರ ಇವುಗಳ ಸಾಲಿಗೆ ಹಳೆಯ ಕಾಲದ ಕೋವಿಯೂ ಸೇರಿರುವುದು. ಗೋಡೆಯ ಅಲಂಕಾರಕ್ಕಾಗಿ, ನಾಟಕ ಚಲನಚಿತ್ರಗಳಿಗಾಗಿ, ಹಿಂದಿನ ಯುದ್ಧಗಳನ್ನು ಬಯಲಿನಲ್ಲಿ ಮತ್ತೆ ಅಭಿನಯಿಸಿ ತೋರಿಸುವುದಕ್ಕಾಗಿ ಇವನ್ನು ಕೊಳ್ಳುವವರು ದೇಶವಿದೇಶಗಳಲ್ಲಿ ಇದ್ದಾರೆ. ಶಾಂತರಾದ ಗೃಹಸ್ಥರಿಗೆ ಇದರಿಂದ ಆಗಬೇಕಾದುದೇನೆಂದು ವಾಚಕರು ಕೇಳಬಹುದು. ಮನೆಯ ಹಣ, ಮನೆಯ ಕ್ಷೇಮ, ನಾಡಿನ ಚರಿತ್ರೆ, ಈ ಮೂರೂ ಇದರಲ್ಲಿ ಅಡಗಿರುವುದರಿಂದ ನಾಲ್ಕು ಮಾತು ಹೇಳಲು ಹೊರಟಿದ್ದೇವೆ.

ಸಿಂಧಘಟ್ಟದಲ್ಲಿರುವ ನಮಗೆ ಕೋವಿಯ ಚರಿತ್ರೆಯು ದೂರದ ಮಾತಲ್ಲ. ಪಾಂಡವಪುರದ ಕಡೆಗೆ ಹೋಗುವಾಗ ಸಿಕ್ಕುವ ಚಿನಕುರಳಿಯಲ್ಲಿಯೇ 1771ರಲ್ಲಿ ಹೈದರಾಲಿಯು ಮರಾಠರಿಗೆ ಸೋತನು. ಪಾಂಡವಪುರಕ್ಕೆ, ಅಲ್ಲಿ ಬೀಡುಬಿಟ್ಟಿದ್ದ ಫ್ರೆಂಚರ ನಿಮಿತ್ತ, ಫ್ರೆಂಚ್ ರಾಕ್ಸ್ ಎಂಬ ಹೆಸರು ಬಹುಕಾಲ ನಡೆದಿತ್ತು. ಅದರಾಚೆಗೆ ಶ್ರೀರಂಗಪಟ್ಟಣ. ಟಿಪ್ಪುವಿನ ಕಾಲದಲ್ಲಿ ಅಲ್ಲಿ ಉತ್ತಮವಾದ ಚಕಮಕಿ ಕೋವಿಗಳು ತಯಾರಾಗುತ್ತಿದ್ದವು. ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುವುದು. ಆ ಕಿಡಿಯಿಂದ ರಂಜಕದ ಮದ್ದು ಹೊತ್ತಿಕೊಂಡು, ನಳಿಗೆಯ ಬುಡದ ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದಿಗೆ ಬೆಂಕಿ ಮುಟ್ಟುವುದು. ಇದೇ ಅವುಗಳ ಯಂತ್ರ. ಟಿಪ್ಪುವಿಗಾಗಿ ಮಾಡಿದ ಕೋವಿಗಳಲ್ಲಿ ಹುಲಿಯ ಪಟ್ಟೆಗಳ ಅಲಂಕಾರವೂ, ತಯಾರಾದ ಊರಿನ ಹೆಸರೂ, ಅವನೇ ಬಳಕೆಗೆ ತಂದ ಮೌಲೂದಿ ಶಕೆಯ ವರ್ಷವೂ ಕಾಣಬರುವುವು.

1799ರ ಮೇ 4ರಂದು ಕೋಟೆಯು ಬಿದ್ದಿತು, ಟಿಪ್ಪುವು ಮಡಿದನು. ಅವನ ಆಯುಧಗಳಲ್ಲಿ ಅನೇಕವು ಕೊಳ್ಳೆಯ ಪಾಲಾಗಿ ಇಂಗ್ಲೆಂಡನ್ನು ಸೇರಿದವು. 2015ರ ಏಪ್ರಿಲ್ ತಿಂಗಳಲ್ಲಿ ಲಂಡನ್ನಿನ ಬೋನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿಗೆ ಸಂಬಂಧಪಟ್ಟ ಸುಮಾರು 30 ವಸ್ತುಗಳು ಒಟ್ಟು 60 ಲಕ್ಷ ಪೌಂಡಿಗೂ ಮೇಲ್ಪಟ್ಟ ಬೆಲೆಗೆ ಹೋದವು. 2019ರಲ್ಲಿ ಇಂಗ್ಲೆಂಡಿನ ಒಂದು ಮನೆಯಲ್ಲಿ ದೊರೆತ, ಬೆಳ್ಳಿಯ ಕಟ್ಟುಳ್ಳ ಚಕಮಕಿ ಕೋವಿಯೊಂದು 60,000 ಪೌಂಡಿಗೆ ಮಾರಾಟವಾಯಿತು. ಮೂಲವಸ್ತುವಿನ ಬೆಲೆ ಹೀಗೆ ಆಕಾಶಕ್ಕೇರಿದ ಮೇಲೆ, ಸಾಮಾನ್ಯನು ಪ್ರತಿರೂಪವನ್ನು ಹುಡುಕಿಕೊಂಡು ಹೋಗುವುದು ಸಹಜವಷ್ಟೆ.

ಈ ವ್ಯಾಪಾರಕ್ಕೆ ಬಲ ಬಂದುದು ಅಮೆರಿಕದಿಂದ. ಅಲ್ಲಿನ ಅಂತರ್ಯುದ್ಧವು ನಡೆದು 1961ಕ್ಕೆ ನೂರು ವರ್ಷ ತುಂಬಿತು. ಆ ಕಾಲದ ಕೋವಿಗಳನ್ನು ಹಿಡಿದು ಯುದ್ಧವನ್ನು ಅಭಿನಯಿಸುವ ಹವ್ಯಾಸವು ಹಬ್ಬಿ, ಇಟಲಿಯ ಗಾರ್ಡೋನೆ ಎಂಬ ಕಮ್ಮಾರರ ಊರಿಗೆ ಹೊಸ ಕೆಲಸ ಒದಗಿತು. 1959ರಲ್ಲಿ ಸ್ಥಾಪಿತವಾದ ಊಬೆರ್ತಿ ಸಂಸ್ಥೆಯು ಈ ಪ್ರತಿರೂಪಗಳಿಂದಲೇ ಹೆಸರಾಯಿತು. ಅಮೆರಿಕದ 1968ರ ಶಾಸನವು 1898ರವರೆಗಿನ ಕೋವಿಗಳನ್ನೂ, ಈಗಿನ ತೋಟೆಗಳನ್ನು ಹಾಕಲು ಬಾರದ ಅವುಗಳ ಪ್ರತಿರೂಪಗಳನ್ನೂ ಬೇರೆಯಾಗಿ ಗಣಿಸಿದ್ದು ಈ ಪೇಟೆಗೆ ಅನುಕೂಲವಾಯಿತು.

ನಮ್ಮ ದೇಶದಲ್ಲಿ ತಯಾರಾದ ಚಕಮಕಿ ಕೋವಿಗಳೂ ಆ ಖಂಡಕ್ಕೆ ಹೋಗಿ ಮಾರಾಟವಾಗಿವೆ. ಅವುಗಳಲ್ಲಿ ಅನೇಕಕ್ಕೆ ಬೆಂಕಿ ಹೋಗುವ ರಂಧ್ರವನ್ನೇ ಕೊರೆದಿರುವುದಿಲ್ಲ. ಇಲ್ಲಿ ಒಂದು ವಿಚಿತ್ರವುಂಟು. ಈಸ್ಟ್ ಇಂಡಿಯಾ ಕಂಪನಿಯು ತನ್ನ ಸೈನ್ಯಕ್ಕಾಗಿ ಇಂಗ್ಲೆಂಡಿನಲ್ಲಿ ಮಾಡಿಸಿ ಹಡಗಿನಲ್ಲಿ ಇಲ್ಲಿಗೆ ತರಿಸುತ್ತಿದ್ದ ಕೋವಿಯ ಮಾದರಿಗೆ 'ಇಂಡಿಯಾ ಪ್ಯಾಟರ್ನ್' ಎಂದು ಹೆಸರು. ಯಾವ ಕಂಪನಿಯ ಸೈನ್ಯವು ಶ್ರೀರಂಗಪಟ್ಟಣವನ್ನು ಹಿಡಿಯಿತೋ ಅದರ ಕೋವಿಯ ಪ್ರತಿರೂಪವನ್ನು ಇಂದು ಭಾರತದ ಕೆಲಸಗಾರನು ಮಾಡಿ ವಿದೇಶಕ್ಕೆ ಮಾರುತ್ತಾನೆ! ಕಾಲಚಕ್ರದ ಗತಿಯು ಹೀಗೆ.

ಪ್ರತಿರೂಪವನ್ನು ಮಾಡುವುದು ದೋಷವೆಂದು ನಾವು ಹೇಳುವುದಿಲ್ಲ. ಪ್ರತಿಮೆಯೂ ಪ್ರತಿರೂಪವೇ, ಓಲೆಗರಿಯನ್ನು ನೋಡಿ ಬರೆದ ಪ್ರತಿಯೂ ಪ್ರತಿರೂಪವೇ. ಪ್ರತಿಯನ್ನು ಮೂಲವೆಂದು ಹೇಳುವುದೇ ದೋಷ. ಶುಕ್ರನೀತಿಯೆಂಬ ಗ್ರಂಥದಲ್ಲಿ ನಾಲಿಕವೆಂಬ ಕೋವಿಯ ಮತ್ತು ಮದ್ದಿನ ವರ್ಣನೆಯಿದೆ. ಅದನ್ನು ಹಿಡಿದು ನಮ್ಮ ಪ್ರಾಚೀನರಿಗೆ ಕೋವಿಯು ತಿಳಿದಿತ್ತೆಂದು ವಾದಿಸಿದವರುಂಟು. ಆದರೆ ಆ ಗ್ರಂಥವು ಬಹಳ ಈಚಿನದೆಂಬುದು ಅನೇಕ ವಿದ್ವಾಂಸರ ಮತ. ಹೊಸದಕ್ಕೆ ಹಳೆಯ ಕಾಲವನ್ನು ಅಂಟಿಸಿದರೆ ಚರಿತ್ರೆಯು ಹೇಗೆ ಕಲಕಿಹೋಗುವುದೆಂಬುದಕ್ಕೆ ಸಂಸ್ಕೃತವನ್ನು ಓದಿದ ನಮಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಕೋವಿಯ ವಿಷಯವೂ ಅಷ್ಟೆ. ಆಮ್ಲದಿಂದ ತುಕ್ಕು ಹಿಡಿಸಿ, ಹೊಗೆಗೆ ಹಿಡಿದು ಮರವನ್ನು ಕಪ್ಪಾಗಿಸಿ, ಹುಲಿಯ ಪಟ್ಟೆಯನ್ನು ಕೆತ್ತಿದ ಮಾತ್ರಕ್ಕೆ ಅದು ಟಿಪ್ಪುವಿನ ಕೋವಿಯಾಗದು. ಕೊಳ್ಳುವವರು ಮಾಡಿದವನ ಹೆಸರನ್ನೂ ಮಾಡಿದ ವರ್ಷವನ್ನೂ ರಸೀತಿಯಲ್ಲಿ ಬರೆಯಿಸಿಕೊಳ್ಳತಕ್ಕದ್ದು. ಬರೆದುಕೊಡಲು ಹಿಂಜರಿಯುವವನಿಂದ ಕೊಳ್ಳದಿರುವುದೇ ಮೇಲು.

ಕಾನೂನನ್ನೂ ತಿಳಿದಿರಬೇಕು. ನಮ್ಮ 1959ರ ಆಯುಧ ಶಾಸನವು, ದುರಸ್ತಿ ಮಾಡಿದರೂ ಕೋವಿಯಾಗಿ ಉಪಯೋಗಕ್ಕೆ ಬಾರದ ಹಳೆಯ ಮಾದರಿಯ ಆಯುಧಕ್ಕೆ ವಿನಾಯಿತಿಯನ್ನು ಕೊಡುತ್ತದೆ. ಎಂದರೆ, ರೂಪವು ಹಳೆಯದಾದರೆ ಸಾಲದು, ಅದು ಹಾರುವಂತಿರಬಾರದು. ಹಾರುವ ಕೋವಿಗೆ, ಮಾದರಿ ಎಷ್ಟೇ ಹಳೆಯದಾದರೂ, ಲೈಸೆನ್ಸು ಬೇಕು. 2016ರ ನಿಯಮಗಳಲ್ಲಿ ಪ್ರತಿರೂಪಗಳ ಪ್ರಸ್ತಾಪವೂ ಬಂದಿರುವುದರಿಂದ, ಕೊಳ್ಳುವ ಮುಂಚೆ ಜಿಲ್ಲೆಯ ಅಧಿಕಾರಿಗಳನ್ನು ವಿಚಾರಿಸುವುದು ವಿವೇಕ. ಅಲಂಕಾರಕ್ಕೆಂದು ಮಾಡಿದ ನಳಿಗೆಗೆ ಎಂದಿಗೂ ಮದ್ದು ತುಂಬಕೂಡದು; ಅದು ಒಡೆದರೆ ಹಿಡಿದವನ ಕೈ ಕಣ್ಣುಗಳು ಹೋದಾವು. ಮಕ್ಕಳಿರುವ ಮನೆಯಲ್ಲಿ ಈ ಎಚ್ಚರಿಕೆಯು ಇಮ್ಮಡಿಯಾಗಿರಲಿ.

ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ಅಟ್ಟದ ಮೇಲೆ ಮುತ್ತಜ್ಜನ ಕೋವಿಯೊಂದು ಬಿದ್ದಿದ್ದರೆ ಅದನ್ನು ಗುಜರಿಗೆ ಹಾಕಿ, ಆ ಜಾಗದಲ್ಲಿ ಥಳಥಳಿಸುವ ಪ್ರತಿರೂಪವನ್ನು ತೂಗುಹಾಕಬೇಡಿರಿ. ಮೊದಲು ಠಾಣೆಗೂ ಪುರಾತತ್ತ್ವ ಇಲಾಖೆಗೂ ತಿಳಿಸಿರಿ. ನೂರು ವರ್ಷಕ್ಕೆ ಮೇಲ್ಪಟ್ಟ ಪುರಾವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವುದನ್ನು 1972ರ ಶಾಸನವು ನಿಷೇಧಿಸಿದೆ. ಒಮ್ಮೆ ಕೈಬಿಟ್ಟ ಮೂಲವು ಮರಳಿ ಬರುವುದು ದುರ್ಲಭ. ಪ್ರತಿರೂಪವನ್ನಾದರೋ ಯಾವಾಗ ಬೇಕಾದರೂ ಮಾಡಿಸಬಹುದು.

ಪ್ರತಿರೂಪಕ್ಕೆ ತಕ್ಕ ಸ್ಥಾನವು ಪಾಠಶಾಲೆಯೆಂದು ನಮ್ಮ ಅಭಿಪ್ರಾಯ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಲ್ಲಿಲೂರಿನ ಯುದ್ಧದ ಚಿತ್ರವಿದೆ. ಅದನ್ನು ನೋಡಿ ಬಂದ ಮಕ್ಕಳ ಕೈಗೆ, ನಳಿಗೆ ಮುಚ್ಚಿದ, 'ಇದು ಪ್ರತಿರೂಪ' ಎಂದು ಸ್ಪಷ್ಟವಾಗಿ ಬರೆದ ಚಕಮಕಿ ಕೋವಿಯೊಂದನ್ನು ಉಪಾಧ್ಯಾಯರು ಕೊಟ್ಟರೆ, ಅದರ ಭಾರದಿಂದಲೇ ಅಂದಿನ ಸಿಪಾಯಿಯ ಕಷ್ಟವು ಅವರಿಗೆ ತಿಳಿದೀತು. ಗೋಡೆಯ ಬೆಡಗಿಗಿಂತ ಆ ತಿಳಿವಳಿಕೆಯೇ ಕೊಟ್ಟ ಹಣಕ್ಕೆ ಸರಿಯಾದ ಫಲ.