ಪ್ರಾಚೀನ ಈಜಿಪ್ತಿನ ರೂಪಚಿತ್ರಗಳು

ಈಜಿಪ್ತ ದೇಶದ ಹಳೆಯ ಚಿತ್ರಗಳನ್ನು ಮೊದಲ ಸಲ ನೋಡುವವರಿಗೆ ನಗೆ ಬರುವುದು ಸಹಜ. ಮುಖವು ಪಕ್ಕಕ್ಕೆ ತಿರುಗಿರುವುದು. ಕಣ್ಣು ಮಾತ್ರ ಎದುರಿನಿಂದ ಕಂಡಂತಿರುವುದು. ಹೆಗಲೆರಡೂ ನಮ್ಮ ಕಡೆಗಿರುವುವು. ಕಾಲುಗಳು ಪುನಃ ಪಕ್ಕಕ್ಕೆ ಸಾಗುವುವು. ಅನೇಕ ಚಿತ್ರಗಳಲ್ಲಿ ಎಡಬಲವೆಂಬ ಭೇದವಿಲ್ಲದೆ ಎರಡು ಪಾದಗಳಲ್ಲಿಯೂ ಹೆಬ್ಬೆರಳೇ ಮುಂದು. ಚಿತ್ರಕಾರನ ಕೈ ಪಳಗಿರಲಿಲ್ಲವೇನೋ ಎಂದು ನಾವೂ ಒಮ್ಮೆ ಎಣಿಸಿದ್ದುಂಟು. ಅದು ನಮ್ಮ ಅಜ್ಞಾನವೇ ಹೊರತು ಅವನ ದೋಷವಲ್ಲ.

ನಾವು ಚಿತ್ರವನ್ನು ಬರೆಯಿಸುವುದು ನೋಡಿ ಸಂತೋಷಪಡುವುದಕ್ಕೆ; ಅವರು ಬರೆಯಿಸುತ್ತಿದ್ದುದು ಸತ್ತ ಮೇಲೂ ಬಾಳುವುದಕ್ಕೆ. ಸಮಾಧಿಯಲ್ಲಿನ ರೂಪವೂ ಅದರ ಪಕ್ಕದ ಹೆಸರೂ ಅಳಿಯದಿದ್ದರೆ, ಅರ್ಪಿಸಿದ ಅನ್ನಪಾನಗಳು ಸತ್ತವನಿಗೆ ಸಲ್ಲುವುವೆಂದು ಅವರ ನಂಬಿಕೆ. ಅಂದಮೇಲೆ ರೂಪವು ಅರೆಕೊರೆಯಾಗಿರಬಾರದಷ್ಟೆ! ಆದುದರಿಂದ ಒಂದೊಂದು ಅವಯವವನ್ನೂ ಅದು ಯಾವ ಕಡೆಯಿಂದ ಚೆನ್ನಾಗಿ ಗುರುತಾಗುವುದೋ ಆ ಕಡೆಯಿಂದಲೇ ಬರೆದು ಜೋಡಿಸಿದರು. ರೂಪವನ್ನು ಕೆಡಿಸುವುದೆಂದರೆ ಸಾಮಾನ್ಯ ಮಾತಲ್ಲ. ಕ್ರಿ. ಪೂ. 15ನೆಯ ಶತಮಾನದಲ್ಲಿ ಅರಸಾಗಿ ಆಳಿದ ಹಟ್ಷೆಪ್ಸುಟ್ ರಾಣಿಯು ತೀರಿಕೊಂಡ ಮೇಲೆ, ಮೂರನೆಯ ಥುಟ್ಮೋಸನ ಕಾಲದಲ್ಲಿ ಅವಳ ರೂಪಗಳನ್ನೂ ಹೆಸರನ್ನೂ ಉಳಿಯಿಂದ ಕೆತ್ತಿ ತೆಗೆದುದು ಈ ಕಾರಣದಿಂದಲೇ ಘೋರವಾಗಿ ತೋರುವುದು.

ಇನ್ನು ಬರೆಯುವ ಕ್ರಮವನ್ನು ನೋಡೋಣ. ನಮ್ಮ ಬಡಗಿಗಳು ಮರದ ಮೇಲೆ ಗೆರೆ ಹೊಡೆಯುವಂತೆ, ಕೆಂಪು ಬಣ್ಣದಲ್ಲಿ ಅದ್ದಿದ ದಾರವನ್ನು ಗೋಡೆಯ ಮೇಲೆ ಬಿಗಿದು ಮಿಡಿದು ಚೌಕದ ಮನೆಗಳನ್ನು ಮಾಡುತ್ತಿದ್ದರು. ನಿಂತ ಮನುಷ್ಯನಿಗೆ ಅಂಗಾಲಿನಿಂದ ಹಣೆಯ ಕೂದಲಿನ ಅಂಚಿನವರೆಗೆ 18 ಮನೆ, ಕುಳಿತವನಿಗೆ 14 ಮನೆ. ನಿಂತವನ ಮೊಣಕಾಲು 6ನೆಯ ಗೆರೆಯಲ್ಲಿ, ಹೆಗಲು 16ನೆಯ ಗೆರೆಯಲ್ಲಿ ಬರುವುದು. ಇಂತಹ ಮನೆಗಳ ಮೇಲೆ ಥುಟ್ಮೋಸನನ್ನು ಬರೆದಿರುವ ಹಲಗೆಯೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಮೊದಲು ಕೆಂಪಿನಲ್ಲಿ ಬರೆದುದನ್ನು ಬಳಿಕ ಕಪ್ಪಿನಲ್ಲಿ ತಿದ್ದುವರು. 1908ರಲ್ಲಿ ದೊರೆತ ಹೋರೆಮ್‌ಹೆಬ್ ಅರಸನ ಸಮಾಧಿಯ ಕೆಲಸವು ಅರ್ಧಕ್ಕೇ ನಿಂತುದರಿಂದ ಆ ತಿದ್ದುಪಡಿಗಳು ಇಂದಿಗೂ ಕಾಣುತ್ತವೆ.

ಜೊಂಡಿನ ತುದಿಯನ್ನು ಜಜ್ಜಿದರೆ ಕುಂಚವಾಯಿತು. ಮಸಿಯಿಂದ ಕಪ್ಪು, ಮಣ್ಣುಗಳಿಂದ ಕೆಂಪು ಹಳದಿಗಳು. ಮರಳು, ಸುಣ್ಣ, ತಾಮ್ರಗಳನ್ನು ಕೂಡಿಸಿ ಕಾಯಿಸಿದರೆ ನೀಲಿ. ಗಂಡಸರ ಮೈಗೆ ಸಾಮಾನ್ಯವಾಗಿ ಕೆಂಗಂದು, ಹೆಂಗಸರಿಗೆ ತಿಳಿಹಳದಿ. ದೊಡ್ಡವರನ್ನು ದೊಡ್ಡದಾಗಿ, ಸೇವಕರನ್ನು ಚಿಕ್ಕದಾಗಿ ಬರೆಯುವುದು ವಾಡಿಕೆ.

ಹಾಗಾದರೆ ಹೋಲಿಕೆಗೆ ಬೆಲೆಯೇ ಇರಲಿಲ್ಲವೆ? ಇಂತಹವನೆಂದು ತಿಳಿಸುವ ಕೆಲಸವನ್ನು ಹೆಚ್ಚಾಗಿ ಹೆಸರೇ ಮಾಡುತ್ತಿತ್ತು. ಆದರೂ ಸಕ್ಕಾರದಲ್ಲಿ ದೊರೆತ, ಕ್ರಿ. ಪೂ. 2650ರ ಸುಮಾರಿನ ಹೆಸಿರೆ ಎಂಬ ಅಧಿಕಾರಿಯ ಮರದ ಹಲಗೆಗಳಲ್ಲಿ ಆ ಬಾಗಿದ ಮೂಗನ್ನೂ ಬಿಗಿದ ತುಟಿಯನ್ನೂ ಕಂಡವರು, ಆತನನ್ನು ಬೇರೊಬ್ಬನೆಂದು ಭ್ರಮಿಸಲಾರರು.

ಮನೆಯ ಮಕ್ಕಳು ಬಿಡುವಿನ ದಿನ ಕಾಗದದ ಮೇಲೆ ಮನೆಗಳನ್ನು ಎಳೆದು ಅಜ್ಜನನ್ನೋ ಅಜ್ಜಿಯನ್ನೋ ಈ ಕ್ರಮದಲ್ಲಿ ಬರೆದು ನೋಡಲಿ. ಪಕ್ಕದಲ್ಲಿ ಹೆಸರನ್ನು ಬರೆಯಲು ಮರೆಯದಿರಲಿ. ನಾವು ಚಿತ್ರ 'ಬರೆಯುವುದು' ಎನ್ನುವಂತೆ ಈಜಿಪ್ತಿನವರೂ ಚಿತ್ರಕಾರನನ್ನು 'ರೂಪಗಳ ಲಿಪಿಕಾರ' ಎಂದೇ ಕರೆಯುತ್ತಿದ್ದರು. ಅನ್ಯರ ಹೆಸರನ್ನು ಸಾವಿರಾರು ವರ್ಷ ಉಳಿಸಿಕೊಟ್ಟ ಆ ಲಿಪಿಕಾರರಲ್ಲಿ ಬಹುಮಂದಿ ತಮ್ಮ ಕೆಲಸದ ಮೇಲೆ ತಮ್ಮ ಹೆಸರನ್ನು ಬರೆಯದೆ ಹೋದರು. ಮಕ್ಕಳಾದರೂ ಚಿತ್ರದ ಕೆಳಗೆ ತಮ್ಮ ಹೆಸರನ್ನೂ ಬರೆದುಕೊಳ್ಳಲಿ.