ಸೆಂಟಿನ ಸುರುಳಿಯಲ್ಲಿ ಹಳೆಯ ನಾಣ್ಯದ ಶೋಧ

ಅಮೆರಿಕದ ಬ್ಯಾಂಕುಗಳಲ್ಲಿ ಒಂದು ಸೆಂಟಿನ ನಾಣ್ಯಗಳನ್ನು ಐವತ್ತೈವತ್ತರಂತೆ ಕಾಗದದಲ್ಲಿ ಸುತ್ತಿ ಕೊಡುವ ಪದ್ಧತಿಯಿದೆ. ಒಂದು ಸುರುಳಿಗೆ ಅರ್ಧ ಡಾಲರ್; ಅಂತಹ ೫೦ ಸುರುಳಿಗಳ ಪೆಟ್ಟಿಗೆಗೆ ೨೫ ಡಾಲರ್. ಈ ಪೆಟ್ಟಿಗೆಯನ್ನು ಮನೆಗೆ ಒಯ್ದು, ಮೇಜಿನ ಮೇಲೆ ಸುರಿದು, ಎರಡೂವರೆ ಸಾವಿರ ನಾಣ್ಯಗಳನ್ನು ಒಂದೊಂದಾಗಿ ತಿರುವಿ ನೋಡಿ, ಬೇಕಾದ ನಾಲ್ಕಾರನ್ನು ತೆಗೆದಿಟ್ಟುಕೊಂಡು ಉಳಿದುದನ್ನು ಬ್ಯಾಂಕಿಗೇ ಹಿಂತಿರುಗಿಸುವ ಹವ್ಯಾಸಿಗಳು ಅಲ್ಲಿ ಹಲವರಿದ್ದಾರೆ. ‘ಪೆನ್ನಿ’ ಎಂದು ಅಲ್ಲಿನ ಜನ ಕರೆಯುವ ಈ ಕಾಸು, ಮಕ್ಕಳ ಮನೆಗೆಂದು ಹೋಗಿಬಂದ ನಮ್ಮ ಹಿರಿಯರ ಚೀಲದಲ್ಲಿಯೂ ನಾಲ್ಕಾರು ಉಳಿದಿರುವುದುಂಟು.

ಈ ಶೋಧ ಅಲ್ಲಿ ಸಾಧ್ಯವಾಗಲು ಕಾರಣ ಸರಳವಾದುದು. ಅಮೆರಿಕ ಸರ್ಕಾರವು ತನ್ನ ಹಳೆಯ ಸೆಂಟುಗಳನ್ನು ರದ್ದುಪಡಿಸಿಲ್ಲ. ೧೯೦೯ರ ಸೆಂಟೂ ೨೦೨೫ರ ಸೆಂಟೂ ಬ್ಯಾಂಕಿನ ಲೆಕ್ಕದಲ್ಲಿ ಒಂದೇ. ನಮ್ಮಲ್ಲಾದರೋ ೧೯೫೭ರ ಏಪ್ರಿಲ್ ೧ರಂದು ದಶಮಾಂಶ ಪದ್ಧತಿ ಜಾರಿಗೆ ಬಂದ ಮೇಲೆ ಆಣೆ-ಕಾಸುಗಳು ಕ್ರಮೇಣ ಮರೆಯಾದವು. ೨೫ ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ ೨೦೧೧ರ ಜೂನ್ ೩೦ಕ್ಕೆ ಮುಗಿಯಿತು. ಆದುದರಿಂದ ಮುಂಬಯಿಯ ಬ್ಯಾಂಕಿನ ಚಿಲ್ಲರೆ ಚೀಲದಲ್ಲಿ ಅಜ್ಜನ ಕಾಲದ ಕಾಸನ್ನು ಹುಡುಕುವುದು ವ್ಯರ್ಥ.

ಶೋಧಕನು ಮೊದಲು ನೋಡುವುದು ನಾಣ್ಯದ ಹಿಂಬದಿಯನ್ನು. ಮುಂಬದಿಯಲ್ಲಿ ೧೯೦೯ರಿಂದಲೂ ಅಬ್ರಹಾಂ ಲಿಂಕನ್ನನ ಮುಖವೇ ಇದೆ. ಹಿಂಬದಿಯಲ್ಲಿ ೧೯೫೮ರವರೆಗೆ ಗೋಧಿಯ ಎರಡು ತೆನೆಗಳಿದ್ದವು. ಮರುವರ್ಷದಿಂದ ಲಿಂಕನ್ ಸ್ಮಾರಕದ ಚಿತ್ರ ಬಂದಿತು. ಗೋಧಿ ತೆನೆ ಕಂಡೊಡನೆ ನಾಣ್ಯ ಪಕ್ಕಕ್ಕೆ ಸರಿಯುತ್ತದೆ. ಅನಂತರ ಇಸವಿ, ಅದರಡಿಯ ಟಂಕಸಾಲೆಯ ಗುರುತು. ನಮ್ಮ ನಾಣ್ಯಗಳಲ್ಲಿ ಮುಂಬಯಿಗೆ ವಜ್ರಾಕೃತಿಯೂ ಹೈದರಾಬಾದಿಗೆ ನಕ್ಷತ್ರವೂ ಇರುವಂತೆ, ಅಲ್ಲಿ ಡೆನ್ವರಿಗೆ ‘ಡಿ’, ಸ್ಯಾನ್ ಫ್ರಾನ್ಸಿಸ್ಕೋಗೆ ‘ಎಸ್’. ಈ ಒಂದಕ್ಷರ ಎಷ್ಟು ವ್ಯತ್ಯಾಸ ಮಾಡಬಲ್ಲುದೆಂಬುದಕ್ಕೆ ೧೯೦೯ರ ಸೆಂಟೇ ಸಾಕ್ಷಿ. ಅದರ ಶಿಲ್ಪಿ ವಿಕ್ಟರ್ ಡೇವಿಡ್ ಬ್ರೆನ್ನರ್ ತನ್ನ ಹೆಸರಿನ ‘ವಿ.ಡಿ.ಬಿ.’ ಎಂಬ ಅಕ್ಷರಗಳನ್ನು ಹಿಂಬದಿಯ ಬುಡದಲ್ಲಿ ಕೆತ್ತಿದ್ದನು. ಅವು ಎದ್ದು ಕಾಣುತ್ತವೆಂದು ಆಕ್ಷೇಪ ಬಂದು, ಕೆಲವೇ ದಿನಗಳಲ್ಲಿ ತೆಗೆದುಹಾಕಲಾಯಿತು. ಅಷ್ಟರೊಳಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಚ್ಚಾಗಿದ್ದವು ೪,೮೪,೦೦೦ ಮಾತ್ರ. ಸಂಗ್ರಾಹಕರು ಇಂದಿಗೂ ಕನಸಿನಲ್ಲಿ ಕಾಣುವುದು ಅದನ್ನೇ.

ಇದಕ್ಕಿಂತ ವಿಚಿತ್ರವಾದುದು ೧೯೪೩ರ ಕಥೆ. ಯುದ್ಧಕ್ಕೆ ತಾಮ್ರ ಬೇಕಾಗಿದ್ದುದರಿಂದ ಆ ವರ್ಷ ಸತುವಿನ ಲೇಪವಿದ್ದ ಉಕ್ಕಿನಲ್ಲಿ ಸೆಂಟುಗಳನ್ನು ಅಚ್ಚು ಹಾಕಿದರು. ಹಿಂದಿನ ವರ್ಷದ ತಾಮ್ರದ ಬಿಲ್ಲೆಗಳು ಬೆರಳೆಣಿಕೆಯಷ್ಟು ಯಂತ್ರದಲ್ಲಿ ಸೇರಿಹೋಗಿ, ಅವೂ ೧೯೪೩ರ ಮುದ್ರೆ ಹೊತ್ತು ಹೊರಬಿದ್ದವು. ೧೯೪೭ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಪಿಟ್ಸ್‌ಫೀಲ್ಡಿನ ಹುಡುಗನೊಬ್ಬನಿಗೆ, ಶಾಲೆಯಲ್ಲಿ ಊಟಕ್ಕೆ ಕೊಟ್ಟ ಹಣದ ಚಿಲ್ಲರೆಯಲ್ಲಿ ಅಂತಹದೊಂದು ಸಿಕ್ಕಿತು. ಖಜಾನೆ ಇಲಾಖೆಯನ್ನು ವಿಚಾರಿಸಿದಾಗ, ಆ ವರ್ಷ ತಾಮ್ರದ ಸೆಂಟನ್ನು ಅಚ್ಚು ಹಾಕಿಯೇ ಇಲ್ಲವೆಂಬ ಉತ್ತರ ಬಂದಿತು. ಕೈಯಲ್ಲಿ ನಾಣ್ಯವಿದೆ, ಸರ್ಕಾರ ಇಲ್ಲವೆನ್ನುತ್ತದೆ! ಹುಡುಗ ವಾದಕ್ಕಿಳಿಯಲಿಲ್ಲ, ಖರ್ಚು ಮಾಡಲೂ ಇಲ್ಲ. ಜೀವಮಾನವೆಲ್ಲ ಜೋಪಾನವಾಗಿ ಇಟ್ಟುಕೊಂಡನು. ೨೦೧೯ರ ಜನವರಿಯಲ್ಲಿ, ಅವನ ಮರಣಾನಂತರ, ಅದು ೨,೦೪,೦೦೦ ಡಾಲರಿಗೆ ಹರಾಜಾಯಿತು. ಹಣ ಹೋದದ್ದು ಊರಿನ ಗ್ರಂಥಾಲಯಕ್ಕೆ.

೧೯೫೫ರಲ್ಲಿ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಇಸವಿಯೂ ಅಕ್ಷರಗಳೂ ಜೋಡಿ ಜೋಡಿಯಾಗಿ ಮೂಡಿದ ಸಾವಿರಾರು ಸೆಂಟುಗಳು, ತಪ್ಪೆಂದು ತಿಳಿದ ಮೇಲೂ, ಒಳ್ಳೆಯವುಗಳೊಡನೆ ಬೆರೆತು ಹೊರಹೋದವು. ಆಗ ಯಂತ್ರದಲ್ಲಿ ಮಾರುತ್ತಿದ್ದ ಸಿಗರೇಟು ಪೊಟ್ಟಣಗಳೊಳಗೆ ಗಿರಾಕಿಗೆ ಬರಬೇಕಾದ ಚಿಲ್ಲರೆಯನ್ನು ಇಟ್ಟಿರುತ್ತಿದ್ದರು. ಇವುಗಳಲ್ಲಿ ಅನೇಕವು ದೊರೆತದ್ದು ಹಾಗೆ.

ಇವೆಲ್ಲ ಅಪರೂಪದ ಮಾತು. ದಿನನಿತ್ಯದ ಶೋಧದಲ್ಲಿ ಸಿಕ್ಕುವುದು ಹೆಚ್ಚಾಗಿ ತಾಮ್ರ. ೧೯೮೨ರ ನಡುವಿನವರೆಗೆ ಸೆಂಟಿನಲ್ಲಿ ನೂರಕ್ಕೆ ೯೫ ಪಾಲು ತಾಮ್ರವಿದ್ದು ತೂಕ ೩.೧೧ ಗ್ರಾಂ; ಅನಂತರದ್ದು ತಾಮ್ರದ ತೆಳು ಲೇಪವಿರುವ ಸತು, ೨.೫ ಗ್ರಾಂ. ೧೯೮೨ರಲ್ಲಿ ಎರಡೂ ಬಗೆಯವು ಅಚ್ಚಾದುದರಿಂದ ಆ ವರ್ಷದ್ದನ್ನು ತಕ್ಕಡಿಯಲ್ಲಿಯೇ ತೂಗಿ ನೋಡಬೇಕು. ಕೆಟ್ಟ ಹಣ ಒಳ್ಳೆಯ ಹಣವನ್ನು ಹೊರದೂಡುತ್ತದೆಂಬ ಗ್ರೆಶಮ್ಮನ ನಿಯಮವನ್ನು ವಾಣಿಜ್ಯದ ವಿದ್ಯಾರ್ಥಿಗಳು ಪರೀಕ್ಷೆಗೆಂದು ಉರುಹೊಡೆಯುತ್ತಾರೆ. ಅದು ಕಣ್ಣೆದುರು ನಡೆಯುವುದು ಈ ಮೇಜಿನ ಮೇಲೆ. ಹಳೆಯ ಸೆಂಟಿನ ಲೋಹದ ಬೆಲೆ ಮುಖಬೆಲೆಯನ್ನು ಮೀರಿದುದರಿಂದ ತಾಮ್ರ ಡಬ್ಬಿಗೂ ಸತು ಬ್ಯಾಂಕಿಗೂ ಹೋಗುತ್ತದೆ. ಆದರೆ ಡಬ್ಬಿಯ ತಾಮ್ರವನ್ನು ಕರಗಿಸುವಂತಿಲ್ಲ. ೨೦೦೬ರ ಡಿಸೆಂಬರಿನಲ್ಲಿ ಬಂದ ನಿಯಮ ಅದನ್ನು ನಿಷೇಧಿಸಿದೆ. ತಪ್ಪಿದರೆ ಐದು ವರ್ಷಗಳವರೆಗೆ ಸೆರೆ, ೧೦,೦೦೦ ಡಾಲರುಗಳವರೆಗೆ ದಂಡ. ದೇಶದ ಹೊರಗೆ ಒಯ್ಯಲೂ ಮಿತಿಯಿದೆ. ನೆಂಟರಿಗಾಗಿ ಪೆಟ್ಟಿಗೆಗಟ್ಟಲೆ ತರುವ ಉತ್ಸಾಹಿಗಳು ಇದನ್ನು ಮೊದಲು ತಿಳಿದಿರುವುದು ಲೇಸು.

ಇನ್ನು ಲಾಭನಷ್ಟದ ವಿಚಾರ. ಬಂಡವಾಳ ಎಲ್ಲಿಗೂ ಹೋಗುವುದಿಲ್ಲ, ನಿಜ. ಆದರೆ ನಾಣ್ಯವೊಂದಕ್ಕೆ ಐದು ಸೆಕೆಂಡಿನಂತೆ ಹಿಡಿದರೂ ಒಂದು ಪೆಟ್ಟಿಗೆಗೆ ಮೂರೂವರೆ ಗಂಟೆ ಹಿಡಿಯುತ್ತದೆ. ಬೆರಳು ಕಪ್ಪಾಗುತ್ತದೆ, ಕತ್ತು ನೋಯುತ್ತದೆ. ಸಾಮಾನ್ಯವಾದ ಗೋಧಿ ತೆನೆಯ ಸೆಂಟಿಗೆ ವ್ಯಾಪಾರಿ ಕೊಡುವುದು ಕೆಲವೇ ಸೆಂಟುಗಳು. ಕೂಲಿಯೆಂದು ಎಣಿಸಿದರೆ ಇದು ಶುದ್ಧ ನಷ್ಟದ ಬಾಬು. ಭಾನುವಾರದ ಕಾಲಕ್ಷೇಪವೆಂದರೆ ಇಷ್ಟು ಅಗ್ಗವಾದುದು ಇನ್ನೊಂದಿಲ್ಲ. ಸೋಸಿ ಬಿಟ್ಟ ಚಿಲ್ಲರೆಯನ್ನು ಮತ್ತೆ ಎಣಿಸುವ ಗುಮಾಸ್ತನ ಅಭಿಪ್ರಾಯ ಬೇರೆಯಿರಬಹುದು. ಸಿಕ್ಕ ಹಳೆಯ ನಾಣ್ಯವನ್ನು, ದೇವರ ಮನೆಯ ಪಾತ್ರೆಯಂತೆ, ಹುಣಸೆಹಣ್ಣು ಹಾಕಿ ಬೆಳಗಬಾರದು. ಹೊಳಪು ಬಂದಷ್ಟೂ ಸಂಗ್ರಾಹಕನ ದೃಷ್ಟಿಯಲ್ಲಿ ಬೆಲೆ ಇಳಿಯುತ್ತದೆ.

ನಿಜವಾಗಿ ಹಣ ಕಳೆದುಕೊಳ್ಳುವವರು ಬ್ಯಾಂಕಿನಿಂದ ಸುರುಳಿ ತಂದವರಲ್ಲ, ಮಾರಾಟಗಾರರಿಂದ ಕೊಂಡವರು. ‘ಯಾರೂ ಬಿಚ್ಚಿ ನೋಡದ ಸುರುಳಿ’ ಎಂದು ಹೇಳಿ, ತುದಿಯಲ್ಲಿ ಮಾತ್ರ ಹಳೆಯ ನಾಣ್ಯವೊಂದು ಕಾಣುವಂತೆ ಸುತ್ತಿ, ಹಲವು ಪಟ್ಟು ಬೆಲೆಗೆ ಮಾರುವ ಕುಟಿಲತನ ಅಲ್ಲಿ ಹಳೆಯದು. ಉಕ್ಕಿನ ೧೯೪೩ಕ್ಕೆ ತಾಮ್ರದ ಲೇಪ ಕೊಟ್ಟು ಮಾರುವವರೂ ಉಂಟು; ಅಯಸ್ಕಾಂತ ಹಿಡಿದರೆ ಗುಟ್ಟು ರಟ್ಟಾಗುತ್ತದೆ. ನಮ್ಮ ದೇಶದಲ್ಲಿ ಇದರ ತಮ್ಮನೆನ್ನಬಹುದಾದ ವಂಚನೆ ದೂರವಾಣಿಯ ಮೂಲಕ ಬರುತ್ತದೆ: ಮನೆಯಲ್ಲಿರುವ ಹಳೆಯ ಐದು ರೂಪಾಯಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿರಿ. ರಿಸರ್ವ್ ಬ್ಯಾಂಕಿನ ಹೆಸರನ್ನೇ ಇದಕ್ಕೆ ಬಳಸತೊಡಗಿದಾಗ, ೨೦೨೧ರ ಆಗಸ್ಟಿನಲ್ಲಿ ಅದು ಪ್ರಕಟಣೆ ಹೊರಡಿಸಿ, ತಾನು ಇಂತಹ ವ್ಯವಹಾರ ನಡೆಸುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ, ಹಾಗೆ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದು ಸ್ಪಷ್ಟಪಡಿಸಿತು.

ಅಮೆರಿಕದ ಸೆಂಟಿಗೆ ಈಗ ಹೊಸ ಸಂತಾನವಿಲ್ಲ. ಒಂದನ್ನು ತಯಾರಿಸಲು ೨೦೨೪ರ ಲೆಕ್ಕದಂತೆ ಮೂರೂವರೆ ಸೆಂಟಿಗೂ ಹೆಚ್ಚು ತಗಲುತ್ತಿದ್ದುದರಿಂದ, ೨೦೨೫ರ ನವೆಂಬರ್ ೧೨ರಂದು ಫಿಲಡೆಲ್ಫಿಯಾದಲ್ಲಿ ಚಲಾವಣೆಯ ಕೊನೆಯ ಸೆಂಟನ್ನು ಅಚ್ಚು ಹಾಕಿ ನಿಲ್ಲಿಸಿದರು. ಹಳೆಯವು ಮಾನ್ಯವಾಗಿಯೇ ಇವೆ. ಸುರುಳಿಗೆ ಇನ್ನು ಹೊಸ ನಾಣ್ಯ ಬಂದು ಸೇರುವುದಿಲ್ಲ. ಹಳೆಯದು ಮಾತ್ರ ಒಂದೊಂದಾಗಿ ಡಬ್ಬಿ ಸೇರುತ್ತಿದೆ.